ಊರಿಗೆ ಬಂದವಳು ನೀರಿಗೆ ಬಾರದಿರುವಳೇ: ಒಂದು ಗಾದೆಯ ಸಮಾಜಶಾಸ್ತ್ರ

‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂಬುದು ಕನ್ನಡ ನಾಡಿನ ಉದ್ದಗಲಕ್ಕೂ ಬಳಕೆಯಲ್ಲಿರುವ ಗಾದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬಾಯಲ್ಲಿ ಅದು ‘ಊರಿಗೆ ಬಂದಾಕಿ ನೀರಿಗೆ ಬರ್ದ ಇರ್ತಾಳೇನು’ ಎಂದಾಗುತ್ತದೆ. ಅದನ್ನು ಆಡುವ ಸಂದರ್ಭಕ್ಕೂ ಹೆಣ್ಣಿಗೂ ನೀರಿಗೂ ಹೆಚ್ಚಾಗಿ ಸಂಬಂಧವೇ ಇರುವುದಿಲ್ಲ. ಕೈಗಡ ಇಸಿದುಕೊಂಡು ತಲೆ ತಪ್ಪಿಸಿಕೊಂಡವನು, ಚುನಾವಣೆ ಗೆದ್ದ ಮೇಲೆ ಓಣಿಗೆ ಮುಖ ತೋರಿಸದ ಪಂಚಾಯಿತಿ ಸದಸ್ಯ, ಭಾವಕಿಯ ಜಗಳದಲ್ಲಿ ಮಾತು ಬಿಟ್ಟ ತಮ್ಮ, ಇವರೆಲ್ಲ ಇಂದಲ್ಲ ನಾಳೆ ಎದುರಿಗೆ ಬಂದೇ ಬರುತ್ತಾರೆ ಎಂಬ ಭರವಸೆಗೆ ಈ ಮಾತು. ಅವಸರ ಬೇಡ, ಹುಡುಕಿಕೊಂಡು ಹೋಗುವುದೂ ಬೇಡ, ಬದುಕೇ ಅವರನ್ನು ಕರೆದು ತರುತ್ತದೆ ಎಂಬುದು ತಾತ್ಪರ್ಯ.

ಅಕ್ಷರಾರ್ಥದಲ್ಲಿ ‘ಬಂದವಳು’ ಮದುವೆಯಾಗಿ ಗಂಡನ ಊರಿಗೆ ಬಂದ ಸೊಸೆ. ಅವಳ ರೂಪವೇನು, ನಡೆನುಡಿಯೇನು ಎಂದು ತಿಳಿಯಲು ಯಾರೂ ಅವಳ ಮನೆಯ ಕದ ತಟ್ಟಬೇಕಿಲ್ಲ. ಹೊಳೆಯ ದಾರಿಯಲ್ಲೋ ಬಾವಿಯ ಕಟ್ಟೆಯಲ್ಲೋ ಕಾದರೆ ಸಾಕು. ಈ ಒಂದು ಸಾಲು ಮೂರು ಸಂಗತಿಗಳನ್ನು ಒಪ್ಪಿತವೆಂದು ಇಟ್ಟುಕೊಂಡಿದೆ: ಹೆಣ್ಣೇ ಗಂಡನ ಊರಿಗೆ ಬರತಕ್ಕವಳು, ನೀರು ತರುವುದು ಅವಳ ಕೆಲಸ, ಆ ನೀರು ಊರಿಗೆಲ್ಲ ಒಂದೇ ಕಡೆ ಸಿಗುತ್ತದೆ. ಮೂರನ್ನೂ ಗಾದೆ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯ ಕೇಳುವವರಿಗೂ ಕಾಣುವುದಿಲ್ಲ. ಯಾರಿಗೂ ಹೇಳಬೇಕೆನಿಸದ ಇಂಥ ಸಂಗತಿಗಳನ್ನು ಎತ್ತಿ ಬೆಳಕಿಗೆ ಹಿಡಿಯುವುದೇ ಸಮಾಜಶಾಸ್ತ್ರದ ಮೊದಲ ಪಾಠ. ಗೋಕಾಕದ ಕಾಲೇಜಿನಲ್ಲಿ ಆ ವಿಷಯ ಓದುವ ವಿದ್ಯಾರ್ಥಿನಿಗೆ ಪಠ್ಯದಲ್ಲಿನ ಯುರೋಪಿನ ಉದಾಹರಣೆಗಳಿಗಿಂತ ಈ ಗಾದೆ ಹತ್ತಿರದ್ದು, ಬಹುಶಃ ಹೆಚ್ಚು ಉಪಯುಕ್ತವಾದದ್ದು.

ಫ್ರಾನ್ಸಿನ ಎಮಿಲ್ ಡರ್ಕೈಮ್ 1895ರಲ್ಲಿ ಸಮಾಜಶಾಸ್ತ್ರದ ಅಧ್ಯಯನ ವಿಧಾನದ ಬಗ್ಗೆ ಪುಸ್ತಕ ಬರೆದಾಗ ‘ಸಾಮಾಜಿಕ ಸಂಗತಿ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟ. ವ್ಯಕ್ತಿಯ ಹೊರಗಿದ್ದು, ವ್ಯಕ್ತಿಯ ಮೇಲೆ ಒತ್ತಾಯ ಹೇರುವ ನಡೆ, ನಂಬಿಕೆ, ಕಟ್ಟಳೆಗಳಿಗೆ ಅವನು ಕೊಟ್ಟ ಹೆಸರು ಅದು. ಬಾಯಾರಿಕೆ ದೇಹದ್ದು, ಆದರೆ ಮನೆಯಲ್ಲಿ ಗಂಡ, ಮೈದುನ, ಮಾವ ಇರುವಾಗಲೂ ಕೊಡ ಸೊಸೆಯ ತಲೆಯೇರುವುದು ಸಮಾಜದ್ದು. ಅತ್ತೆ ಅಪ್ಪಣೆ ಕೊಡಬೇಕಾಗಿಯೂ ಇಲ್ಲ. ಮದುವೆಯ ಚಪ್ಪರದ ತಳಿರು ಬಾಡುವುದರೊಳಗೆ ಕೊಡವೂ ಸಿಂಬಿಯೂ ಅವಳ ಪಾಲಿಗೆ ಬಂದಿರುತ್ತವೆ. ಒತ್ತಾಯ ಇದೆ ಎಂಬುದು ಗೊತ್ತಾಗುವುದು ಕಟ್ಟಳೆ ಮುರಿದಾಗ ಎಂದೂ ಡರ್ಕೈಮ್ ಹೇಳಿದ್ದ. ಗಂಡಸು ನೀರು ತರುವುದೇ ಇಲ್ಲವೆಂದಲ್ಲ; ಸೈಕಲ್ಲಿಗೆ ಕಟ್ಟಿಕೊಂಡು ತರುತ್ತಾನೆ, ಹೆಗಲ ಮೇಲೆ ಹೊತ್ತು ತರುತ್ತಾನೆ, ಬಂಡಿಯಲ್ಲಿ ಪೀಪಾಯಿ ಇಟ್ಟು ತರುತ್ತಾನೆ. ತಲೆಯ ಮೇಲೆ ಸಿಂಬಿ ಇಟ್ಟು ಕೊಡ ಹೊತ್ತು ನಡೆದರೆ ಮಾತ್ರ ಓಣಿ ನಗುತ್ತದೆ. ಭಾರ ಅಷ್ಟೇ, ದಾರಿ ಅದೇ. ಆ ನಗೆಗೆ ಕಾರಣ ದೇಹಬಲದಲ್ಲಿಲ್ಲ.

ಈ ಸೀಮೆಯ ನೀರೆಂದರೆ ಮೊದಲು ಘಟಪ್ರಭಾ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಧೂಪದಾಳಕ್ಕೆ ಬಂದು, ಗೋಕಾಕ ಫಾಲ್ಸಿನಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕಿ, ಗೋಕಾಕ ಪಟ್ಟಣದ ಮಗ್ಗುಲಲ್ಲೇ ಹರಿದು ಹೋಗುವ ಹೊಳೆ. ಅದೇ ನೀರಿನ ಬಲದಿಂದ 1880ರ ದಶಕದಲ್ಲಿ ಜಲಪಾತದ ಬಳಿ ನೂಲಿನ ಗಿರಣಿ ಶುರುವಾಯಿತು. ದಂಡೆಯ ಊರುಗಳಿಗೆ ಹೊಳೆ, ಒಳಗಿನ ಊರುಗಳಿಗೆ ಬಾವಿ. ಹೊಳೆ ಸಣಕಲಾದ ಬೇಸಿಗೆಯಲ್ಲಿ ಮರಳು ಬಗೆದು ತೋಡಿದ ವರತಿ. ವರತಿಯ ನೀರು ಬಟ್ಟಲಿನಿಂದ ತುಂಬಿಕೊಳ್ಳುವಂಥದ್ದು. ಒಂದು ಕೊಡ ತುಂಬಿದ ಮೇಲೆ ಮತ್ತೆ ಜಿನುಗುವವರೆಗೆ ಕೂಡಬೇಕು, ಕೂತಷ್ಟು ಹೊತ್ತು ಮಾತು.

ಆ ಮಾತಿನ ಕ್ರಮವನ್ನು ಗಮನಿಸಿದರೆ ಅದು ಹರಟೆಯಷ್ಟೇ ಅಲ್ಲವೆಂದು ತಿಳಿಯುತ್ತದೆ. ಹೊಸಬಳಿಗೆ ಮೊದಲ ಪ್ರಶ್ನೆ ‘ಯಾರ ಮನಿ ಸೊಸಿ ಬೇ ನೀ?’ ಎಂಬುದು, ಎರಡನೆಯದು ‘ತವರುಮನಿ ಯಾವೂರು?’ ಊರ ಹೆಸರು ಬಾಯಿಗೆ ಬಂದದ್ದೇ ತಡ, ಯಾರದೋ ಅಕ್ಕನನ್ನು ಆ ಊರಿಗೆ ಕೊಟ್ಟದ್ದು, ಯಾರದೋ ಚಿಗವ್ವ ಆ ಊರಿನಿಂದಲೇ ಬಂದದ್ದು ಹೊರಬೀಳುತ್ತದೆ. ಕೊಡ ತುಂಬುವಷ್ಟರಲ್ಲಿ ಅವಳು ಯಾರನ್ನು ಅತ್ತಿ ಎನ್ನಬೇಕು, ಯಾರನ್ನು ಯಕ್ಕಾ ಎನ್ನಬೇಕು, ಯಾರು ನೆಗೆಣ್ಣಿಯ ವರಸೆಯವರು ಎಂಬುದು ತೀರ್ಮಾನವಾಗಿರುತ್ತದೆ. ಅಮೆರಿಕದ ರಾಬರ್ಟ್ ಮರ್ಟನ್ 1949ರಲ್ಲಿ ವ್ಯಕ್ತ ಕಾರ್ಯ, ಸುಪ್ತ ಕಾರ್ಯ ಎಂದು ಎರಡು ಬಗೆ ಮಾಡಿದ. ನೀರು ತುಂಬುವುದು ಬಾವಿಕಟ್ಟೆಯ ವ್ಯಕ್ತ ಕಾರ್ಯ. ಹೊರಗಿನವಳನ್ನು ಊರಿನ ನಂಟಿನ ಬಲೆಗೆ ಸೇರಿಸಿಕೊಳ್ಳುವುದು ಸುಪ್ತ ಕಾರ್ಯ. ಅಲ್ಲೇ ಅವಳ ಪರೀಕ್ಷೆಯೂ ನಡೆಯುತ್ತದೆ. ಹಿರಿಯರು ಎದುರಾದಾಗ ಸೆರಗು ತಲೆಯ ಮೇಲೆ ಬಂತೇ, ಪಾಳಿ ಮುರಿದಳೇ, ಕೊಡ ತುಳುಕಿಸಿದಳೇ ಎಂಬುದೆಲ್ಲ ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳುತ್ತದೆ. ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲುಕ್ಮನ್ 1963ರ ಒಂದು ಲೇಖನದಲ್ಲಿ, ಚಾಡಿಮಾತು ಗುಂಪಿನ ಕಟ್ಟಳೆಗಳನ್ನು ಕಾಯುವ ಸಾಧನ, ಒಬ್ಬರ ಬಗ್ಗೆ ಆಡಿಕೊಳ್ಳುವ ಹಕ್ಕೇ ಗುಂಪಿಗೆ ಸೇರಿದ್ದರ ಗುರುತು ಎಂದು ವಾದಿಸಿದ್ದ. ಆ ಲೆಕ್ಕದಲ್ಲಿ ಹೊಸ ಸೊಸೆ ಊರಿನವಳಾಗುವುದು ಜನ ಅವಳ ಬಗ್ಗೆ ಆಡಿಕೊಂಡಾಗಲ್ಲ. ಅವಳೂ ಇನ್ನೊಬ್ಬರ ಬಗ್ಗೆ ಆಡಿಕೊಳ್ಳಲು ಶುರುಮಾಡಿದಾಗ.

ನೀರಿಗೆ ಬರುವುದು ಬರೀ ಕೆಲಸವಲ್ಲ ಎಂಬುದು ಆಚರಣೆಗಳಿಗೂ ಗೊತ್ತು. ಮದುವೆಯಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ ಸುರಗಿ ನೀರು ಹಾಕುತ್ತಾರೆ. ಬಾಣಂತಿ ಮತ್ತೆ ಹೊರಗೆ ಕಾಲಿಡುವ ಮೊದಲು ಗಂಗೆಪೂಜೆ ಮಾಡುತ್ತಾಳೆ. ಬಾವಿ ಹೂತುಹೋದ ಓಣಿಗಳಲ್ಲಿ ಆ ಅರಿಸಿನ ಕುಂಕುಮ ಈಗ ಬೋರಿಗೋ ನಳಕ್ಕೋ ಬೀಳುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವಾಗಿನ ಇಂಥ ವಿಧಿಗಳನ್ನು ಆರ್ನಾಲ್ಡ್ ವಾನ್ ಜೆನೆಪ್ 1909ರಲ್ಲೇ ಒಂದು ವರ್ಗವಾಗಿ ಗುರುತಿಸಿದ.

‘ಬಂದವಳು’ ಎಲ್ಲ ಕಡೆಯೂ ಸಮಾನವಾಗಿ ಹೊಸಬಳಲ್ಲ. ಇರಾವತಿ ಕರ್ವೆ 1953ರ ತಮ್ಮ ಬಂಧುತ್ವದ ಅಧ್ಯಯನದಲ್ಲಿ ತೋರಿಸಿದಂತೆ, ಉತ್ತರ ಭಾರತದಲ್ಲಿ ಹೆಣ್ಣನ್ನು ಗುರುತಿಲ್ಲದ ದೂರದ ಊರಿಗೆ ಕೊಡುವುದೇ ವಾಡಿಕೆಯಾದರೆ ದಕ್ಷಿಣದಲ್ಲಿ ಸೋದರಮಾವ, ಅತ್ತೆಯ ಮಗ ಹೀಗೆ ಇದ್ದ ನಂಟನ್ನೇ ಮತ್ತೆ ಬಿಗಿಯುವುದು ರೂಢಿ. ಗೋಕಾಕದ ಎಷ್ಟೋ ಮನೆಗಳಲ್ಲಿ ಸೊಸೆ ಹುಟ್ಟಿದಾಗಿನಿಂದ ರಜೆಗೆ ಬಂದು ಅದೇ ಹೊಳೆಯಲ್ಲಿ ಈಸಿದ ಅಕ್ಕನ ಮಗಳು. ಅವಳಿಗೆ ಊರು ಹೊಸದಲ್ಲ, ಕೊಡ ಮಾತ್ರ ಹೊಸದು.

ಗಾದೆಯ ದೊಡ್ಡ ಬಿರುಕು ಇರುವುದು ಮೂರನೆಯ ಒಪ್ಪಿತದಲ್ಲಿ. ನೀರು ಊರಿಗೆಲ್ಲ ಒಂದೇ ಎಂಬಂತೆ ಅದು ಮಾತಾಡುತ್ತದೆ. ಊರಿನ ಬಾವಿ ಬೇರೆ, ಕೇರಿಯ ಬಾವಿ ಬೇರೆ ಇದ್ದ ನಾಡಿದು. ಹರಿಯುವ ಹೊಳೆಯಲ್ಲೂ ಮೇಲುಗಡೆಯ ಇಳುಕಲು ಯಾರಿಗೆ, ಕೆಳಗಡೆಯದು ಯಾರಿಗೆ ಎಂಬ ಪಾಲು ಇತ್ತು. ಕೇರಿಗೆ ಸೊಸೆಯಾಗಿ ಬಂದವಳು ಊರಿನ ನೀರಿಗೆ ಬರುವಂತಿರಲಿಲ್ಲ. ಬಂದರೂ ದೂರ ನಿಂತು ಯಾರಾದರೂ ಎತ್ತಿ ಹೊಯ್ಯಲಿ ಎಂದು ಕಾಯಬೇಕಿತ್ತು. ‘ಯಾರ ಪೈಕಿ?’ ಎಂಬ ಪ್ರಶ್ನೆ ಬಾವಿಕಟ್ಟೆಯಲ್ಲಿ ನಂಟು ಹುಡುಕಲು ಎಷ್ಟು ಬಳಕೆಯಾಗಿದೆಯೋ ಜಾತಿ ಪತ್ತೆಗೂ ಅಷ್ಟೇ ಬಳಕೆಯಾಗಿದೆ. ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಾರ್ವಜನಿಕ ಹಣದ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬ ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನು ಮುಂಬಯಿ ಶಾಸನಸಭೆ ಒಪ್ಪಿದ್ದು 1923ರಲ್ಲಿ. ಅದು ಕಾಗದದಲ್ಲೇ ಉಳಿದ ಕಾರಣಕ್ಕೆ 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಮಹಾಡದ ಚವದಾರ ಕೆರೆಗೆ ನಡೆದು ಹೋಗಿ ನೀರು ಕುಡಿಯಬೇಕಾಯಿತು. ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಹೇಳಿದೆ. ದೇಶದ ಮೂಲ ಕಾನೂನಿನಲ್ಲಿ ಸ್ನಾನಘಟ್ಟದ ಮಾತು ಬರಬೇಕಾದರೆ ಆ ಘಟ್ಟಗಳಲ್ಲಿ ಏನು ನಡೆಯುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ. ಮೈಸೂರು ಸೀಮೆಯ ರಾಂಪುರದ ಅಧ್ಯಯನದಿಂದ ಎಂ.ಎನ್. ಶ್ರೀನಿವಾಸ್ ರೂಪಿಸಿದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಭೂಮಿ, ಸಂಖ್ಯೆ, ಅಧಿಕಾರ ಯಾರ ಕೈಯಲ್ಲಿದೆಯೋ ಬಾವಿಯ ಪಾಳಿಯೂ ಅವರ ಕೈಯಲ್ಲಿ.

ಊರಿಗೆ ಬಂದೂ ನೀರಿಗೆ ಬಾರದವರು ಇನ್ನೂ ಇದ್ದಾರೆ. ಹಿಡಕಲ್ ನೀರಾವರಿಯಿಂದ ಕಬ್ಬಿನ ನಾಡಾದ ಈ ತಾಲ್ಲೂಕುಗಳಿಗೆ ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಬೀಡ ಕಡೆಯಿಂದ, ವಿಜಯಪುರ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಇಳಿಯುತ್ತವೆ. ಗಂಡ ಹೆಂಡತಿ ಜೋಡಿಯಾಗಿ ದುಡಿಯುವ ಈ ಜನ ಹೊಲದ ಬದಿಯಲ್ಲಿ ತಾಡಪತ್ರಿಯ ಗುಡಿಸಲು ಹಾಕಿಕೊಳ್ಳುತ್ತಾರೆ. ನೀರು ಕಾಲುವೆಯದು, ಇಲ್ಲವೇ ಹೊಲದವರ ಪಂಪಿನದು. ಹಂಗಾಮು ಮುಗಿಯುವವರೆಗೆ ತಿಂಗಳುಗಟ್ಟಲೆ ಇದ್ದರೂ ಆ ಹೆಂಗಸನ್ನು ‘ಯಾರ ಮನಿ ಸೊಸಿ’ ಎಂದು ಯಾರೂ ಕೇಳುವುದಿಲ್ಲ. ಗಿಯೋರ್ಗ್ ಜಿಮ್ಮೆಲ್ 1908ರಲ್ಲಿ ಬರೆದ ‘ಅಪರಿಚಿತ’ ಇದೇ ಬಗೆಯವನು: ಹತ್ತಿರದಲ್ಲೇ ಇದ್ದಾನೆ, ಬಳಗಕ್ಕೆ ಸೇರಿದವನಲ್ಲ. ಊರಿನೊಳಗೆ ಬರುವುದಕ್ಕೂ ಊರಿನವರಾಗುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಈ ಗುಡಿಸಲುಗಳ ಮುಂದೆ ನಿಂತರೆ ಅಳೆಯಬಹುದು.

ಗಾದೆಯನ್ನು ಆಡುತ್ತಿರುವವರು ಯಾರು? ನೀರಿಗೆ ಬರುವವಳಂತೂ ಅಲ್ಲ. ಕಟ್ಟೆಯ ಮೇಲೆ ಕುಳಿತು ಕಾಯುವವರ ಮಾತು ಇದು, ಅದರೊಳಗೊಂದು ಗೆಲುವಿನ ನಗೆಯೂ ಇದೆ. ಸೊಸೆ ಮತ್ತು ನೀರಿನ ಇದೇ ಜೋಡಿಯನ್ನು ಹೆಣ್ಣಿನ ಕಡೆಯಿಂದ ಕಾಣಬೇಕಾದರೆ ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಗೆ ಹೋಗಬೇಕು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರು ಬರುವುದಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದು ತೀರ್ಮಾನವಾಗುತ್ತದೆ. ಗಂಡ ದಂಡಿನಲ್ಲಿದ್ದಾನೆ. ಅವಳನ್ನು ಯಾರೂ ಕೇಳುವುದಿಲ್ಲ, ಅವಳಿಗೆ ಯಾರೂ ಹೇಳುವುದೂ ಇಲ್ಲ. ಮನೆಯವರ ನಡೆಯಿಂದ ತಾನೇ ಅರಿತುಕೊಳ್ಳುತ್ತಾಳೆ. ಅವಳಿಗೆ ಬಂದ ಸಾವಿನ ಆಜ್ಞೆ ಎಲ್ಲೂ ಉಚ್ಚಾರವಾಗದ ಆಜ್ಞೆ. ಗಾದೆ ನಿರುಪದ್ರವಿ ತಮಾಷೆ, ಗೀತೆ ದುರಂತ. ಆದರೆ ಎರಡರಲ್ಲೂ ಊರಿನ ನೀರಿನ ಲೆಕ್ಕ ಹೊರಗಿನಿಂದ ಬಂದ ಹೆಣ್ಣಿನ ಮೇಲೆ ಬೀಳುತ್ತದೆ, ಎರಡರಲ್ಲೂ ಅವಳ ಒಪ್ಪಿಗೆ ವಿಷಯವೇ ಅಲ್ಲ. ಡರ್ಕೈಮ್‌ನ ಒತ್ತಾಯ ಎಂಬ ಮಾತಿಗೆ ಕನ್ನಡದಲ್ಲಿ ಇದಕ್ಕಿಂತ ಕಟುವಾದ ಉದಾಹರಣೆ ಸಿಗುವುದು ಕಷ್ಟ.

ನೀರಿನ ಜಾಗ ಈಗ ಬದಲಾಗಿದೆ. 2019ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಜಲ ಜೀವನ ಮಿಷನ್ ಘೋಷಿಸಿತು. ತಲೆಗೆ ದಿನಕ್ಕೆ 55 ಲೀಟರಿನಂತೆ ಹಳ್ಳಿಯ ಪ್ರತಿ ಮನೆಗೂ ನಳ ಎಂಬುದು ಅದರ ಗುರಿ, ಕರ್ನಾಟಕದಲ್ಲಿ ಅದರ ಹೆಸರು ‘ಮನೆ ಮನೆಗೆ ಗಂಗೆ’. ನಳ ಅಂಗಳಕ್ಕೆ ಬಂದಲ್ಲಿ ಹೊರೆ ಇಳಿದಿದೆ, ಅದು ಸಣ್ಣ ಲಾಭವಲ್ಲ. ಬಾವಿಕಟ್ಟೆಯ ಕೂಟ ಮುರಿಯಿತೆಂದು ಹಲುಬುವವರಲ್ಲಿ ಕೊಡ ಹೊತ್ತವರು ಕಡಿಮೆ. ಕುಡಿಯುವ ನೀರಿಗೆ ನಾಣ್ಯ ಹಾಕುವ ಶುದ್ಧ ನೀರಿನ ಘಟಕ ಬಂದಿದೆ; ಅಲ್ಲಿ ಬೈಕಿಗೆ ಕ್ಯಾನು ಸಿಕ್ಕಿಸಿಕೊಂಡು ನಿಲ್ಲುವವರಲ್ಲಿ ಗಂಡಸರೇ ಹೆಚ್ಚು. ನೀರಿಗೆ ಯಂತ್ರ, ವಾಹನ, ಹಣ ಸೇರಿದ ಕೂಡಲೆ ಅದು ಗಂಡಸಿನ ಕೆಲಸವಾಯಿತು, ನಗುವವರೂ ಇಲ್ಲವಾದರು.

ಹೊಸಬಳನ್ನು ಊರು ದಾಖಲು ಮಾಡಿಕೊಳ್ಳುವ ಸುಪ್ತ ಕಾರ್ಯಕ್ಕೂ ಬೇರೆ ಜಾಗಗಳು ಸಿಕ್ಕಿವೆ: ಸ್ತ್ರೀಶಕ್ತಿ ಸಂಘದ ಸಭೆ, ಅಂಗನವಾಡಿ, ಎಲ್ಲಕ್ಕಿಂತ ಮೇಲಾಗಿ ಪಡಿತರ ಚೀಟಿ. ತವರಿನ ಚೀಟಿಯಿಂದ ಹೆಸರು ತೆಗೆಸಿ ಗಂಡನ ಮನೆಯ ಚೀಟಿಗೆ ಸೇರಿಸುವವರೆಗೆ ಅವಳ ಪಾಲಿನ ಅಕ್ಕಿ ಅವಳು ಇರುವ ಮನೆಗೆ ಬರುವುದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥೆ ಮನೆಯ ಹಿರಿಯ ಹೆಂಗಸು, ಅಂದರೆ ಹೆಚ್ಚಿನ ಮನೆಗಳಲ್ಲಿ ಅತ್ತೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಜಾರಿಯಾಗಿ ತಿಂಗಳಿಗೆ 2,000 ರೂಪಾಯಿ ಯಜಮಾನಿಯ ಖಾತೆಗೆ ಎಂದಾದಾಗ, ಹಣ ಅತ್ತೆಗೋ ಸೊಸೆಗೋ ಎಂಬ ಚರ್ಚೆ ಮನೆಮನೆಯಲ್ಲೂ ಎದ್ದಿತು. ಸೊಸೆಯ ಹೆಸರಿಗೆ ಬೇರೆ ಚೀಟಿ ಬೇಕಾದರೆ ಮನೆ ಬೇರೆಯಾಗಿದೆ ಎಂದು ತೋರಿಸಬೇಕು. ಸಮಾಜಶಾಸ್ತ್ರಜ್ಞ ಎ.ಎಂ. ಷಾ 1973ರ ತಮ್ಮ ಪುಸ್ತಕದಲ್ಲಿ ಕುಟುಂಬ ಬೇರೆ, ಒಂದೇ ಮನೆಯಲ್ಲಿ ಬಾಳುವ ಘಟಕ ಬೇರೆ ಎಂದು ಬಿಡಿಸಿ ತೋರಿಸಿದ್ದರು. ಒಂದೇ ಒಲೆ, ಎರಡು ಚೀಟಿಯ ಮನೆಗಳಲ್ಲಿ ಆ ಭೇದ ಈಗ ವಿದ್ಯಾರ್ಥಿನಿಗೆ ಪುಸ್ತಕ ತೆರೆಯದೆಯೇ ಕಾಣಸಿಗುತ್ತದೆ: ಊಟಕ್ಕೆ ಕೂಡುಕುಟುಂಬ, ಪಂಚಾಯಿತಿ ಕಚೇರಿಯ ಕಿಟಕಿಯ ಮುಂದೆ ಬೇರೆ ಸಂಸಾರ.