ಗತಿಸಿದವರ ಬಗ್ಗೆ ಬರೆಯುವಾಗ

ಸಾಹಿತಿ, ಕಲಾವಿದರ ಒಡನಾಟದ ನೆನಪುಗಳನ್ನು ನಾವೆಲ್ಲ ಆಸೆಯಿಂದ ಓದುತ್ತೇವೆ. ಅನೇಕ ಸಲ ಕೃತಿಗಿಂತ ಅದರ ಹಿಂದಿನ ಮನುಷ್ಯನ ಸಾಲ, ಸಿಟ್ಟು, ಸಂಸಾರವೇ ನಮಗೆ ರುಚಿಸುತ್ತದೆ. 1952ರಲ್ಲಿ ‘ಗಂಜೆ ಫರಿಶ್ತೆ’ ಪ್ರಕಟಿಸಿದ ಸಾದತ್ ಹಸನ್ ಮಂಟೊ, ಮರ್ಹೂಮ್ ಗೆಳೆಯರನ್ನೂ ಫರಿಶ್ತೆಗಳನ್ನಾಗಿ ಮಾಡಲು ಒಪ್ಪಲಿಲ್ಲ. ಸುಳ್ಳು ಹೊಗಳಿಕೆಯೂ ಸತ್ತವರಿಗೆ ಮಾಡುವ ಅವಮಾನವೇ ಎಂಬುದು ನಮಗೂ ಒಪ್ಪಿಗೆ. ಆದರೆ ಸತ್ತವರು ಎದ್ದುಬಂದು ಉತ್ತರ ಕೊಡಲಾರರು. ಹಾಗಾದರೆ ನೆನಪು ಬರೆಯುವವನ ಕೈ ತಡೆಯುವವರು ಯಾರು?

ಇಟಲಿಯ ಜಾರ್ಜೊ ವಸಾರಿ ಸ್ವತಃ ಚಿತ್ರಕಾರ. 1550ರಲ್ಲಿ ಕಲಾವಿದರ ಜೀವನಚರಿತ್ರೆಗಳನ್ನು ಪ್ರಕಟಿಸಿದ. ಹುಡುಗನಾಗಿದ್ದಾಗ ಆತ ಆಂದ್ರೆಯಾ ದೆಲ್ ಸಾರ್ತೊನ ಬಳಿ ಕಲಿತಿದ್ದ. ಗುರು 1530ರಲ್ಲೇ ತೀರಿಹೋಗಿದ್ದ. ಗುರುಪತ್ನಿ ಲುಕ್ರೇಜಿಯಾಳನ್ನು ವಸಾರಿ ಗಂಡನನ್ನು ಆಳುವ, ಶಿಷ್ಯರನ್ನು ಕಾಡುವ ಹೆಂಗಸೆಂದು ಚಿತ್ರಿಸಿದ. ಆಕೆ ಇನ್ನೂ ಬದುಕಿದ್ದಳು. 1568ರ ಎರಡನೆಯ ಆವೃತ್ತಿಯಲ್ಲಿ ಆ ಕಟುಮಾತುಗಳಲ್ಲಿ ಹಲವನ್ನು ತೆಗೆದುಹಾಕಿದ. ಅಳುಕೋ, ಪಶ್ಚಾತ್ತಾಪವೋ, ಅಂತೂ ಆಕೆಗೆ ಒಂದಿಷ್ಟು ನ್ಯಾಯ ಸಿಕ್ಕಿತು.

ಅದೇ ಪುಸ್ತಕದಲ್ಲಿ, ಆಂದ್ರೆಯಾ ದೆಲ್ ಕಸ್ತಾನ್ಯೊ ಎಂಬ ಚಿತ್ರಕಾರ ಹೊಟ್ಟೆಕಿಚ್ಚಿನಿಂದ ತನ್ನ ಗೆಳೆಯ ದೊಮೆನಿಕೊ ವೆನೆತ್ಸಿಯಾನೊನನ್ನು ಕೊಂದನೆಂಬ ಕತೆಯೂ ಇದೆ. ಅದು ವಸಾರಿ ಕಣ್ಣಾರೆ ಕಂಡದ್ದಲ್ಲ. ಫ್ಲಾರೆನ್ಸಿನಲ್ಲಿ ಮೊದಲಿನಿಂದಲೂ ಓಡಾಡುತ್ತಿದ್ದ ಮಾತು. ಅದನ್ನು ಆತ ತಿದ್ದಲಿಲ್ಲ. 19ನೆಯ ಶತಮಾನದಲ್ಲಿ ಹಳೆಯ ದಾಖಲೆಗಳನ್ನು ತೆರೆದು ನೋಡಿದಾಗ ತಿಳಿದದ್ದಿಷ್ಟು: ‘ಕೊಲೆಗಾರ’ ಕಸ್ತಾನ್ಯೊ ಸತ್ತದ್ದು 1457ರಲ್ಲಿ, ‘ಕೊಲೆಯಾದ’ ದೊಮೆನಿಕೊ ಸತ್ತದ್ದು 1461ರಲ್ಲಿ! ಮಾಡದ ಕೊಲೆಯ ಕಳಂಕ ಮುನ್ನೂರು ವರ್ಷ ಒಬ್ಬ ಕಲಾವಿದನ ಹೆಸರಿಗೆ ಅಂಟಿಕೊಂಡಿತ್ತು.

ತಾನು ಕಂಡದ್ದನ್ನು ತಿದ್ದಿದವನು ಕೇಳಿದ್ದನ್ನು ಹಾಗೆಯೇ ಬಿಟ್ಟ. ಅಲ್ಲಿ ಆಕ್ಷೇಪಿಸುವವರು ಯಾರೂ ಉಳಿದಿರಲಿಲ್ಲ. ಬರೆಯುವವರ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆ ಇಂಥಲ್ಲೇ.

ಗೆಳೆಯ ಕತೆಗಾರರೊಬ್ಬರು ತೀರಿಕೊಂಡಾಗ ನಾವೂ ಸ್ಮರಣ ಸಂಚಿಕೆಗೆ ಬರೆಯಲು ಕುಳಿತೆವು. ಅವರ ಮುಂಗೋಪದ ಬಗ್ಗೆ ಬರೆದೆವು. ಅದರ ಬಿಸಿ ನಮಗೇ ತಟ್ಟಿತ್ತು. ಅವರು ಇನ್ನೊಬ್ಬರ ಕತೆ ಕದ್ದಿದ್ದರೆಂಬುದನ್ನೂ ಸೇರಿಸಿದೆವು. ಅದು ಚಹದಂಗಡಿಯಲ್ಲಿ ಕಿವಿಗೆ ಬಿದ್ದದ್ದು. ಅಚ್ಚಿಗೆ ಕಳಿಸುವ ಮುನ್ನ, ಅವರು ಎದುರಿಗೇ ಕುಳಿತಿದ್ದಾರೆಂದು ಭಾವಿಸಿ ಗಟ್ಟಿಯಾಗಿ ಓದಿದೆವು. ಮುಂಗೋಪದ ಸಾಲು ಸರಾಗವಾಗಿ ಬಂತು. ಕೇಳಿದ್ದರೆ ಅವರೂ ನಗುತ್ತಿದ್ದರು. ಕಳವಿನ ಸಾಲಿಗೆ ಬಂದಾಗ ಗಂಟಲಿನಿಂದ ದನಿಯೇ ಹೊರಡಲಿಲ್ಲ.

ಆ ಸಾಲನ್ನು ಹೊಡೆದುಹಾಕಿದೆವು.