ಸ್ವಾಮಿಕಾರ್ಯ, ಸ್ವಕಾರ್ಯ

ನರೇಗಲ್ಲಿನಿಂದ ಜರ್ಮನಿಗೆ ಹೋಗಿ ಬಂದವನನ್ನು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಮೊದಲ ಪ್ರಶ್ನೆ, ‘ಏನೇನು ನೋಡಿದ್ರಿ ಸರ?’ ಎಂಬುದು. ಕಾಲೇಜಿನಲ್ಲಿ ಕೇಳುವುದು, ‘ಏನು ಕೆಲಸ ಆತು?’ ಎಂದು. ಎರಡು ವರ್ಷದ ಹಿಂದೆ ನಾನು ಎರಡಕ್ಕೂ ಉತ್ತರ ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಬಾಯಿಂದ ಹೇಳಿದೆ, ಕಾಲೇಜಿನಲ್ಲಿ ಕಾಗದದ ಮೇಲೆ ಬರೆದು ಕೊಟ್ಟೆ. ಎರಡು ಉತ್ತರಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಲೆಕ್ಕ ಕೂಡುವುದಿಲ್ಲ. ಅಂದಿನಿಂದ ಆ ಕೂಡದ ಲೆಕ್ಕ ನನ್ನನ್ನು ಬಿಟ್ಟಿಲ್ಲ.

ಹೋದದ್ದು ಆರು ದಿನದ ಮಟ್ಟಿಗೆ. ಅದರಲ್ಲಿ ಮೂರು ದಿನ ಒಂದು ವಿಚಾರಗೋಷ್ಠಿ, ಉಳಿದದ್ದು ಹೋಗಿಬರುವ ಹಾದಿ. ಕಿಟೆಲ್ ನಿಘಂಟಿನಲ್ಲಿ ಸಿಗುವ ನಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಕುರಿತು ಇಪ್ಪತ್ತು ನಿಮಿಷ ಓದಬೇಕಾಗಿತ್ತು. ವಿಮಾನದ ಖರ್ಚು ಕರೆದವರದು. ಕಾಲೇಜು ಓ.ಓ.ಡಿ. ರಜೆ ಕೊಟ್ಟಿತು, ನನ್ನ ತರಗತಿಗಳನ್ನು ಗೆಳೆಯರೊಬ್ಬರು ಹೊತ್ತುಕೊಂಡರು. ಹೊರಡುವ ಮುಂಚೆ ನನ್ನ ಹೆಂಡತಿ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಡುತ್ತ, ‘ಸ್ವಾಮಿಕಾರ್ಯನೂ ಆತು, ಸ್ವಕಾರ್ಯನೂ ಆತು ಬಿಡ್ರಿ’ ಎಂದಳು. ನಮ್ಮ ಹಿರಿಯರು ಈ ಮಾತನ್ನು ಎಷ್ಟು ಜಾಣತನದಿಂದ ಕಟ್ಟಿದ್ದಾರೆಂಬುದು ನನಗೆ ಹೊಳೆದದ್ದು ತಿರುಗಿ ಬಂದ ಮೇಲೆ. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತದೆ. ಆದರೆ ಎರಡಕ್ಕೂ ಬೇರೆ ಬೇರೆ ಹೆಸರನ್ನೇ ಇಟ್ಟಿದೆ.

ನಮ್ಮ ಜೊತೆಗೆ ಒಬ್ಬ ಸಂಶೋಧನ ವಿದ್ಯಾರ್ಥಿನಿಯೂ ಬಂದಿದ್ದಳು. ನಮ್ಮ ಸೀಮೆಯವಳೇ. ಹೆಸರು ಬೇಡ. ದೊಡ್ಡ ಸಭೆಯಲ್ಲಿ ಅವಳು ಓದುವ ಮೊದಲ ಪ್ರಬಂಧ ಅದು. ವಿಮಾನದಲ್ಲಿ ನನ್ನ ಬಳಿಗೆ ಬಂದು, ‘ಸರ, ನಂದು ಕಡೀ ದಿನ ಮಧ್ಯಾಹ್ನ ಐತ್ರಿ. ನೀವು ಮುಂದಿನ ಸಾಲಿನ್ಯಾಗ ಕುಂತಿದ್ರ ನನಗ ಧೈರ್ಯ ಬರ್ತೈತ್ರಿ’ ಎಂದಳು. ‘ಆತವಾ, ಕುಂತಿರ್ತೀನಿ’ ಎಂದೆ. ಇಂಥ ಮಾತು ಕೊಡುವುದಕ್ಕೆ ನಾವು ಮೇಷ್ಟರುಗಳು ಹಿಂದುಮುಂದು ನೋಡುವುದಿಲ್ಲ.

ನನ್ನ ಓದು ಎರಡನೆಯ ದಿನವೇ ಮುಗಿಯಿತು. ಮೂರನೆಯ ದಿನ ಬೆಳಗ್ಗೆ ಬಿಸಿಲು ಬಿತ್ತು. ಗೋಷ್ಠಿ ನಡೆದ ಊರಿನಿಂದ ಟ್ಯೂಬಿಂಗೆನ್‌ಗೆ ರೈಲಿನಲ್ಲಿ ಎರಡು ತಾಸಿನ ಹಾದಿ. 1894ರಲ್ಲಿ ನಿಘಂಟನ್ನು ಅಚ್ಚುಹಾಕಿಸಿದ ಕಿಟೆಲ್ಲರಿಗೆ 1896ರಲ್ಲಿ ಡಾಕ್ಟರೇಟ್ ಕೊಟ್ಟದ್ದು ಆ ಊರಿನ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ. ಕನ್ನಡದ ಅಧ್ಯಾಪಕನೊಬ್ಬ ಇಷ್ಟು ಸಮೀಪ ಬಂದು ಅಲ್ಲಿಗೆ ಹೋಗದಿದ್ದರೆ ಹೇಗೆ? ಇದು ವಿಹಾರವಲ್ಲ, ಕರ್ತವ್ಯ. ಒಂದು ಬಗೆಯ ಯಾತ್ರೆ ಎಂದೂ ಹೇಳಬಹುದು. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತ ನಿಲ್ದಾಣಕ್ಕೆ ನಡೆದೆ. ಟಿಕೀಟಿನ ಹಣವನ್ನು ಮಾತ್ರ ಸ್ವಂತ ಜೇಬಿನಿಂದ ಕೊಟ್ಟೆ. ವಿಶ್ವೇಶ್ವರಯ್ಯನವರ ಮೇಣದಬತ್ತಿಯ ಕಥೆಯನ್ನು ಚಿಕ್ಕಂದಿನಿಂದ ಕೇಳುತ್ತ ಬಂದವರಲ್ಲವೆ ನಾವು? ಸರಕಾರದ ಕೆಲಸಕ್ಕೆ ಸರಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತದ ಬತ್ತಿ. ನಾನೂ ನನ್ನ ಬತ್ತಿ ಹಚ್ಚಿದೆನೆಂದು ಸಮಾಧಾನಪಟ್ಟೆ.

ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತೇನೆ. ಟ್ಯೂಬಿಂಗೆನ್ನಿನಲ್ಲಿ ಇಳಿದ ಅರ್ಧ ತಾಸಿನಲ್ಲಿ ಕಿಟೆಲ್ಲರು ನನ್ನ ಮನಸ್ಸಿನಿಂದ ಹೊರಟುಹೋದರು. ನೆಕ್ಕರ್ ಹೊಳೆ ಊರಿನ ಅಂಚಿಗೆ ಹರಿಯುತ್ತದೆ. ದಂಡೆಯ ಮೇಲೆ ಹಳದಿ ಬಣ್ಣದ ಒಂದು ಗೋಪುರ; ಬುದ್ಧಿಭ್ರಮೆಗೊಂಡ ಕವಿ ಹೋಲ್ಡರ್ಲಿನ್ 1807ರಿಂದ 1843ರವರೆಗೆ, ಕೊನೆಯ ಮೂವತ್ತಾರು ವರ್ಷ, ಕಳೆದದ್ದು ಅಲ್ಲಿ. ಚಪ್ಪಟೆ ದೋಣಿಗಳನ್ನು ಹುಡುಗರು ಉದ್ದನೆಯ ಗಳುವಿನಿಂದ ನೂಕುತ್ತಿದ್ದರು. ದಂಡೆಯ ಗೋಡೆಯ ಮೇಲೆ ಕುಳಿತು ರೊಟ್ಟಿ ಮುರಿದು ಚಟ್ನಿ ಹಚ್ಚಿಕೊಂಡು ತಿಂದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಜಗತ್ತಿನಲ್ಲಿ ಯಾರಿಗೂ ನನ್ನಿಂದ ಏನೂ ಬೇಕಾಗಿಲ್ಲ ಎನ್ನಿಸಿತು. ಮಳೆಯ ಬೆನ್ನಿಗೆ ನಮ್ಮ ಎರೆಹೊಲದಿಂದ ಏಳುವ ವಾಸನೆಯೊಂದನ್ನು ಬಿಟ್ಟರೆ ಅಂಥ ಸುಖ ನನಗೆ ಗೊತ್ತಿಲ್ಲ. ಎರಡು ತಾಸು ಕುಳಿತೇ ಇದ್ದೆ.

ಅದೇ ಹೊತ್ತಿಗೆ ಆ ಹುಡುಗಿ ಪ್ರಬಂಧ ಓದುತ್ತಿದ್ದಳು. ಆಮೇಲೆ ಬೇರೊಬ್ಬರಿಂದ ತಿಳಿಯಿತು: ಕೇಳಲು ಏಳು ಜನ ಇದ್ದರಂತೆ. ಒಬ್ಬರು ಅವಳ ಆಕರವೊಂದರ ಬಗ್ಗೆ ಕೊಂಚ ಒರಟಾಗಿಯೇ ಪ್ರಶ್ನೆ ಕೇಳಿದರಂತೆ. ನಾನಿದ್ದಿದ್ದರೆ ಒಂದು ವಾಕ್ಯದಲ್ಲಿ ಮುಗಿಯುವ ಉತ್ತರ. ಅವಳು ಸುಮ್ಮನೆ ನಿಂತುಬಿಟ್ಟಳಂತೆ.

ತಿರುಗಿ ಬರುವಾಗ ವಿಮಾನ ನಿಲ್ದಾಣದಲ್ಲಿ, ‘ಎಲ್ಲಿ ಹೋಗಿದ್ರಿ ಸರ?’ ಎಂದಷ್ಟೇ ಕೇಳಿದಳು. ‘ಕಿಟೆಲ್ ಸತ್ತ ಊರಿಗೆ ಹೋಗಿದ್ನಿ ನೋಡವಾ.’ ‘ಹೌದ್ರಿ? ಹಂಗಾರ ಅದು ದೊಡ್ಡ ಕೆಲಸ ಬಿಡ್ರಿ’ ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಊರಿಗೆ ಬಂದು ಬರೆದ ವರದಿಯಲ್ಲಿ ನಾನೂ ಅದೇ ಮಾತನ್ನು ಬಳಸಿಕೊಂಡೆ: ಮೂರೂ ದಿನ ಭಾಗವಹಿಸಿದ್ದಲ್ಲದೆ ಕಿಟೆಲ್ಲರ ಊರಿಗೆ ‘ಅಧ್ಯಯನ ಭೇಟಿ’. ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ಹೊಳೆಯನ್ನೂ ದೋಣಿಯನ್ನೂ ವರ್ಣಿಸಿದೆ.

ಕೆಲಸದ ಮೇಲೆ ಕಡಲು ದಾಟಿದವರಲ್ಲಿ ನಮಗೆ ಮೊದಲು ನೆನಪಾಗುವವನು ಹನುಮಂತ. ಹೋಗುವಾಗ ಮೈನಾಕ ಪರ್ವತ ನೀರಿನಿಂದೆದ್ದು, ಕೊಂಚ ವಿಶ್ರಮಿಸಿ ಹೋಗು ಎನ್ನುತ್ತದೆ. ಅವನು ಅದನ್ನು ಜರೆಯುವುದಿಲ್ಲ. ಕೈಯಿಂದ ಮುಟ್ಟಿ, ಹೊತ್ತಿಲ್ಲವೆಂದು ಹೇಳಿ ಮುಂದೆ ಸಾಗುತ್ತಾನೆ. ಮಕ್ಕಳಿಗೆ ಪಾಠ ಹೇಳುವಾಗ ನಾವು ಇಷ್ಟಕ್ಕೇ ನಿಲ್ಲಿಸಿ ಕರ್ತವ್ಯನಿಷ್ಠೆಯನ್ನು ಹೊಗಳುತ್ತೇವೆ. ತಿರುಗಿ ಬಂದ ಮೇಲಿನ ಕಥೆ ನನಗೆ ಅದಕ್ಕಿಂತ ಹೆಚ್ಚಿನದು. ಸೀತೆಯ ಸುದ್ದಿಯನ್ನು ರಾಮನಿಗೆ ಮುಟ್ಟಿಸುವ ಮುಂಚೆಯೇ ಕಪಿಗಳೆಲ್ಲ ಸುಗ್ರೀವನ ಮಧುವನಕ್ಕೆ ನುಗ್ಗಿ, ಕಾವಲಿನ ದಧಿಮುಖನನ್ನು ಹೊಡೆದೋಡಿಸಿ, ಜೇನು ಕುಡಿದು ಕುಣಿಯುತ್ತವೆ. ಒಡೆಯನ ಅಪ್ಪಣೆ ಇಲ್ಲ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಪೂರ್ವಾನುಮತಿ ಪಡೆದಿಲ್ಲ. ದಧಿಮುಖ ಬಂದು ದೂರು ಹೇಳಿದಾಗ ಸುಗ್ರೀವ ಸಿಟ್ಟಾಗುವುದಿಲ್ಲ, ಸಂತೋಷಪಡುತ್ತಾನೆ. ಕಾರ್ಯವಾಗದೆ ಇವರಿಗೆ ಇಷ್ಟು ಧೈರ್ಯ ಬರಲಾರದು, ಸೀತೆ ಸಿಕ್ಕಿರಬೇಕು ಎಂದು ಆ ಸುಖದಿಂದಲೇ ಊಹಿಸುತ್ತಾನೆ. ಆ ಕಪಿಗಳಲ್ಲಿ ಒಂದಾದರೂ, ಜೇನಿನ ಗುಣದೋಷಗಳ ಪರಿಶೀಲನೆಗೆ ಹೋಗಿದ್ದೆವೆಂದು ಹೇಳಲಿಲ್ಲ. ಕುಡಿದದ್ದನ್ನು ಕುಡಿದದ್ದೆಂದೇ ಒಪ್ಪಿಕೊಂಡವು.

ಕೆಲಸದ ನಡುವೆ ಸುಖ ಬೆರೆಯಬಾರದೆಂದು ನಾನು ವಾದಿಸುತ್ತಿಲ್ಲ. ಬೆರೆಯದವನು ಅಭಾಗ್ಯ. ಆ ಮೇಣದಬತ್ತಿಯ ವಿಶ್ವೇಶ್ವರಯ್ಯನವರೇ 1908ರಲ್ಲಿ ಮುಂಬಯಿ ಸರಕಾರದ ಸೇವೆಯಿಂದ ಹೊರಬಂದು ಯುರೋಪು ಸುತ್ತುತ್ತಿದ್ದಾಗ, ಮೂಸಿ ನದಿಯ ಪ್ರಳಯದ ನಿಮಿತ್ತ ಹೈದರಾಬಾದಿನಿಂದ ಅವರಿಗೆ ಕರೆ ಹೋಯಿತು. ಅವರಾದರೂ ತಟ್ಟನೆ ಹಡಗು ಹತ್ತಲಿಲ್ಲ. ಪ್ರವಾಸ ಮುಗಿಸಿಕೊಂಡು 1909ರಲ್ಲಿ ಬಂದರು. ನೀರು, ಕಟ್ಟೆ, ಕಾರಖಾನೆಗಳನ್ನು ನೋಡುವುದೇ ಅವರಿಗೆ ವಿಹಾರವಾಗಿತ್ತು. ಎರಡು ಬತ್ತಿಗಳಿದ್ದದ್ದು ಖರ್ಚಿಗೆ, ಸುಖಕ್ಕಲ್ಲ. ನಾನು ತಪ್ಪಿದ್ದು ಇಲ್ಲಿಯೇ. ಖರ್ಚಿನ ಲೆಕ್ಕ ಚೊಕ್ಕವಾಗಿದ್ದರೆ ಉಳಿದದ್ದೂ ಚೊಕ್ಕವೆಂದು ತಿಳಿದೆ. ಟಿಕೀಟು ನನ್ನದಿರಬಹುದು, ಆ ಮಧ್ಯಾಹ್ನ ನನ್ನದಾಗಿರಲಿಲ್ಲ. ವಿಮಾನದಲ್ಲಿಯೇ ಅದನ್ನು ಆ ಹುಡುಗಿಗೆ ಕೊಟ್ಟಾಗಿತ್ತು.

‘ಹೊಳೆಯ ದಂಡೆಗೆ ಕೂಡ್ರಲು ಹೋಗುತ್ತೇನೆ’ ಎಂದು ಬೆಳಗ್ಗೆಯೇ ನನಗೆ ನಾನು ಹೇಳಿಕೊಂಡಿದ್ದರೆ, ‘ಹಾಗಾದರೆ ಆ ಹುಡುಗಿಯ ಗತಿ?’ ಎಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು. ಬಹುಶಃ ನಾನು ಹೋಗುತ್ತಿರಲಿಲ್ಲ. ಅಥವಾ ಅವಳಿಗೆ ಹೇಳಿಯಾದರೂ ಹೋಗುತ್ತಿದ್ದೆ. ಕಿಟೆಲ್ಲರ ಹೆಸರು ಅಡ್ಡ ಬಂದು ಆ ಪ್ರಶ್ನೆ ಏಳದ ಹಾಗೆ ನೋಡಿಕೊಂಡಿತು. ನಮ್ಮಂಥವರಿಗೆ ಸುಖಪಟ್ಟೆವೆಂದು ಹೇಳಿಕೊಳ್ಳಲು ನಾಚಿಕೆ. ಅದಕ್ಕೆ ಸಂಶೋಧನೆ, ಅಧ್ಯಯನ, ಯಾತ್ರೆ ಎಂದು ಏನಾದರೊಂದು ಶಾಲು ಹೊದಿಸಬೇಕು. ನಮ್ಮೂರಿನಲ್ಲಿಯೇ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 950ರಲ್ಲಿ, ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಬಸದಿ ಇದೆ. ಸುಮ್ಮನೆ ಕೂಡ್ರಲೆಂದು ನಾನು ಅಲ್ಲಿಗೆ ಒಂದು ದಿನವೂ ಹೋದವನಲ್ಲ. ಹೋದಾಗಲೆಲ್ಲ ವಿದ್ಯಾರ್ಥಿಗಳನ್ನು ಕರೆದುಕೊಂಡು ಶಾಸನ ತೋರಿಸಲು ಹೋಗಿದ್ದೇನೆ.

ವರದಿ ಈಗಲೂ ಕಾಲೇಜಿನ ಕಡತದಲ್ಲಿದೆ. ಅದನ್ನು ಓದಿದವರು ಯಾರೂ ಇರಲಾರರು. ಆ ಚಿಂತೆ ನನಗಿಲ್ಲ. ಹೋದ ತಿಂಗಳು ಆ ಹುಡುಗಿ ಫೋನು ಮಾಡಿದ್ದಳು. ಪ್ರಬಂಧವನ್ನು ತಿದ್ದಿ ಅಚ್ಚಿಗೆ ಕಳಿಸುತ್ತಿದ್ದಾಳೆ, ನಾನೊಮ್ಮೆ ನೋಡಬೇಕಂತೆ. ನೋಡುತ್ತೇನೆ ಎಂದೆ. ಆಮೇಲೆ ಫೋನು ಇಡದೆ ಹೇಳಿದೆ: ‘ಅವತ್ತು ನಾ ಕಿಟೆಲ್ ಸಲುವಾಗಿ ಹೋಗಿದ್ದಿಲ್ಲವಾ. ಹೊಳೀ ದಂಡ್ಯಾಗ ಸುಮ್ಮನ ಕುಂತಿದ್ನಿ.’

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ, ‘ಹೊಳಿ ಚಂದ ಇತ್ತೇನ್ರಿ ಸರ?’ ಎಂದು ಕೇಳಿದಳು.

‘ಇತ್ತವಾ’ ಎಂದೆ.