ಆಗಸ್ಟ್ 21

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2012ರಲ್ಲಿ ಒಂದು ಕಾರ್ ಪಾರ್ಕಿಂಗ್ ಅಗೆದಾಗ ರಾಜನೊಬ್ಬ ಸಿಕ್ಕ. ಮೂರನೇ ರಿಚರ್ಡ್. ಯುದ್ಧದಲ್ಲಿ ಸತ್ತ ಇಂಗ್ಲೆಂಡಿನ ಕೊನೆಯ ರಾಜ. ಬೆನ್ನುಮೂಳೆ ಒಂದು ಪಕ್ಕಕ್ಕೆ ಬಾಗಿತ್ತು, ತಲೆಬುರುಡೆಯೊಂದರಲ್ಲೇ ಒಂಬತ್ತು ಗಾಯಗಳಿದ್ದವು. ಸತ್ತಾಗ ಅವನಿಗೆ 32. ನನಗಿಂತ ಚಿಕ್ಕವನು.

ರಾತ್ರಿ ಒಂದು ಗಂಟೆಗೆ ಆ ಗಾಯಗಳ ಬಗ್ಗೆ ಓದ್ತಾ ಕೂತಿದ್ದೆ. ಆದ್ರೆ ನನ್ನ ನಿದ್ದೆ ಕೆಡಿಸಿದ್ದು ಗಾಯಗಳಲ್ಲ, ಒಂದು ತಾರೀಖು.

ಯುದ್ಧ ನಡೆದದ್ದು 1485ರ ಆಗಸ್ಟ್ 22ರಂದು, ಬಾಸ್ವರ್ತ್‌ನಲ್ಲಿ. ಎದುರಿಗಿದ್ದವನು ಹೆನ್ರಿ ಟ್ಯೂಡರ್. ರಿಚರ್ಡ್ ತನ್ನ ಆಪ್ತ ಸವಾರರನ್ನು ಕಟ್ಟಿಕೊಂಡು ನೇರ ಹೆನ್ರಿಯತ್ತಲೇ ನುಗ್ಗಿದ. ಅವನ ಬಾವುಟ ಹಿಡಿದವನನ್ನು ಕೆಡವಿದ. ಇನ್ನೇನು ತಲುಪಿದ ಅನ್ನುವಾಗ, ಅಲ್ಲೀವರೆಗೂ ಬದಿಯಲ್ಲಿ ನಿಂತು ನೋಡ್ತಿದ್ದ ಸರ್ ವಿಲಿಯಂ ಸ್ಟ್ಯಾನ್ಲಿಯ ದಂಡು ಹೆನ್ರಿ ಪರವಾಗಿ ಬಂದು ಬಿತ್ತು. ಅಲ್ಲಿಗೆ ಮುಗೀತು. ಬೆತ್ತಲೆ ಹೆಣವನ್ನು ಕುದುರೆ ಮೇಲೆ ಹೇರಿಕೊಂಡು ಹೋದರು. ಅವನನ್ನು ಕಂಡರಾಗದ ಇತಿಹಾಸಕಾರರೂ ಅವನು ಹೇಡಿಯಂತೆ ಸಾಯಲಿಲ್ಲ ಅಂತ ಒಪ್ಪಿಕೊಂಡಿದ್ದಾರೆ.

ರಿಚರ್ಡ್ ಪರ ವಕಾಲತ್ತು ಮಾಡ್ತಿಲ್ಲ ನಾನು. ಹನ್ನೆರಡು ವರ್ಷದ ಅಣ್ಣನ ಮಗನನ್ನು ಪಕ್ಕಕ್ಕೆ ತಳ್ಳಿ ಸಿಂಹಾಸನ ಹತ್ತಿದವನು ಅವನು. ಆ ಹುಡುಗನೂ ಅವನ ತಮ್ಮನೂ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ.

ನನ್ನ ತಲೆ ತಿಂದದ್ದು ಆ ವರ್ಷದ ನವೆಂಬರಿನಲ್ಲಿ ಕೂಡಿದ ಪಾರ್ಲಿಮೆಂಟು. ಹೆನ್ರಿ ತನ್ನ ಆಳ್ವಿಕೆ ಶುರುವಾದದ್ದು ಆಗಸ್ಟ್ 21ರಂದು ಅಂತ ಬರೆಸಿದ. ಅಂದ್ರೆ ಯುದ್ಧದ ಹಿಂದಿನ ದಿನ! ಒಂದೇ ಒಂದು ದಿನದ ವ್ಯತ್ಯಾಸ. ಆದ್ರೆ ಅಷ್ಟರಿಂದಲೇ, ಪಟ್ಟಾಭಿಷೇಕವಾಗಿದ್ದ ರಾಜನ ಪರ ಕತ್ತಿ ಹಿಡಿದವರೆಲ್ಲ ರಾಜದ್ರೋಹಿಗಳಾದರು. ಆಸ್ತಿ ಮುಟ್ಟುಗೋಲು, ಮಕ್ಕಳಿಗೆ ವಾರಸುದಾರಿಕೆ ಇಲ್ಲ. ನಾರ್ಫೋಕ್‌ನ ಡ್ಯೂಕ್ ಜಾನ್ ಹೊವಾರ್ಡ್ ಯುದ್ಧಭೂಮಿಯಲ್ಲೇ ಸತ್ತಿದ್ದ. ಸತ್ತವನನ್ನೂ ಬಿಡಲಿಲ್ಲ. ಸಭೆಯಲ್ಲಿ ಹಲವರು ವಿರೋಧಿಸಿದರೂ ಅರಸನ ಇಚ್ಛೆಯೇ ನಡೀತು ಅಂತ ಆಗಿನ ಒಂದು ಕಾಗದದಲ್ಲಿದೆ.

ಗಿಟ್‌ನಲ್ಲಿ ಕಮಿಟ್‌ನ ದಿನಾಂಕ ಹಿಂದಕ್ಕೆ ಹಾಕೋದು ನಮಗೆಲ್ಲ ಗೊತ್ತಿರೋದೇ. ಊರಲ್ಲಿ ಚಿನ್ನಿದಾಂಡು ಆಡುವಾಗಲೂ ಔಟಾದ ಮೇಲೆ 'ನಾನು ಮೊದಲೇ ಹೇಳಿದ್ದೆ' ಅನ್ನೋ ದೊಡ್ಡ ಹುಡುಗ ಒಬ್ಬ ಇರ್ತಿದ್ದ. ನಗು ಬರುತ್ತೆ, ನಿಜ. ಆದ್ರೆ ನನಗೆ ಈ ತಾರೀಖು ಆ ಒಂಬತ್ತು ಗಾಯಗಳಿಗಿಂತ ಕ್ರೂರ ಅನ್ನಿಸ್ತು. ಕತ್ತಿ ಮನುಷ್ಯನ ಜೀವ ತೆಗೆಯುತ್ತೆ. ಅವನು ತನಗೆ ಸರಿ ಕಂಡದ್ದನ್ನು ಮಾಡಿದ್ದ ಅನ್ನೋದನ್ನು ಕತ್ತಿಯಿಂದ ಅಳಿಸೋಕಾಗಲ್ಲ, ಅದಕ್ಕೆ ತಾರೀಖೇ ಬೇಕು. ಆಗಸ್ಟ್ 21ರ ಸಂಜೆ ತನ್ನ ಗುಡಾರದಲ್ಲಿ ಕೂತಿದ್ದ ಒಬ್ಬ ಸೈನಿಕ ಏನು ಮಾಡಿದ್ರೆ ನಿರಪರಾಧಿ ಆಗ್ತಿದ್ದ, ಹೇಳಿ? ಅವನಿಗೆ ಗೊತ್ತಿದ್ದ ರಾಜ ಒಬ್ಬನೇ.

ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. 'ಮಾರಾಯ, ದ್ರೋಹಿ ಅಂತ ಬರೆದದ್ದು ಮೂವತ್ತು ಜನರನ್ನೂ ಅಲ್ಲ. ಹೊಸ ರಾಜ, ಭದ್ರ ಮಾಡ್ಕೋಬೇಡ್ವಾ?' ಅಂದ. ಇರಬಹುದು. ಹತ್ತು ವರ್ಷದ ಮೇಲೆ, 1495ರಲ್ಲಿ, ಇದೇ ಹೆನ್ರಿಯ ಪಾರ್ಲಿಮೆಂಟು ಇನ್ನೊಂದು ಕಾನೂನು ಮಾಡಿತು: ಆ ಹೊತ್ತಿಗೆ ಯಾರು ರಾಜನೋ ಅವನ ಪರ ಯುದ್ಧ ಮಾಡಿದವರನ್ನು ಆಮೇಲೆ ದ್ರೋಹಿ ಅನ್ನುವಂತಿಲ್ಲ. ಭದ್ರತೆಯೇ ಕಾರಣವಾಗಿದ್ದರೆ ಅದು ಈಗ ತಿರುಗಿ ಬಂದಿತ್ತು. ತನ್ನ ಸೈನಿಕರೂ ನಾಳೆಯ ತಾರೀಖಿಗೆ ಹೆದರಿ ಮನೇಲಿ ಕೂತರೆ? ಅದೇ ವರ್ಷದ ಆರಂಭದಲ್ಲಿ ಸ್ಟ್ಯಾನ್ಲಿಯ ತಲೆ ಹೋಗಿತ್ತು, ರಾಜದ್ರೋಹಕ್ಕೇ. ಬಾಸ್ವರ್ತ್‌ನಲ್ಲಿ ಹೆನ್ರಿಯನ್ನು ಉಳಿಸಿದ ಅದೇ ಸ್ಟ್ಯಾನ್ಲಿ.

ಹೆನ್ರಿಯನ್ನು ಬೈಯೋದು ಸುಲಭ. ನನಗೆ ಕಾಡ್ತಿರೋನು ಬೇರೆ. 21 ಅನ್ನೋ ಆ ಅಂಕಿಯನ್ನು ಕೈಯಾರೆ ಬರೆದ ಗುಮಾಸ್ತ ಒಬ್ಬ ಇದ್ದಿರಲೇಬೇಕಲ್ಲ. ಅವನ ಹೆಸರು ಯಾರಿಗೂ ಬೇಕಿಲ್ಲ. ಅವನು ಯಾರನ್ನೂ ಕೊಲ್ಲಲಿಲ್ಲ, ಹೇಳಿದ್ದನ್ನು ಬರೆದ, ಸಂಜೆ ಮನೆಗೆ ಹೋದ.

ಕೆಲವು ವರ್ಷದ ಹಿಂದೆ ನಾನಿದ್ದ ಕಂಪನಿಯಲ್ಲಿ ಎರಡು ಟೀಮುಗಳನ್ನು ಸೇರಿಸಿದರು. ಹಳೇ ಮ್ಯಾನೇಜರ್ ಹೋದರು, ಹೊಸಬರು ಬಂದರು. ಹಳೇ ಪ್ರಾಡಕ್ಟ್ ಬಿದ್ದುಹೋಗದ ಹಾಗೆ ಆರು ತಿಂಗಳು ರಾತ್ರಿಯೆಲ್ಲ ಕಾದವರು ನಮ್ಮ ಸೀನಿಯರ್ ಒಬ್ಬರು, ಹೊಸ ಮಗುವಿನ ತಂದೆ ಬೇರೆ. ಅದು ಆವತ್ತಿಗೆ ಅವರಿಗೆ ಒಪ್ಪಿಸಿದ್ದ ಕೆಲಸ. ಸೆಪ್ಟೆಂಬರಿನಲ್ಲಿ ಹೊಸ ಮೌಲ್ಯಮಾಪನದ ನಿಯಮ ಬಂತು: ಹಳೇ ಪ್ರಾಡಕ್ಟಿನ ಕೆಲಸಕ್ಕೆ ಅಂಕ ಇಲ್ಲ. ಅವರ ರೇಟಿಂಗ್ ತಳಕ್ಕೆ ಹೋಯ್ತು. ಡಿಸೆಂಬರಿಗೆ ಅವರು ಇರಲಿಲ್ಲ.

ಆ ನಿಯಮದ ಎಕ್ಸೆಲ್ ಶೀಟ್ ಮಾಡಿದ್ದು ನಾನು. ಕೊನೆಯ ಕಾಲಂ 'ಜಾರಿಗೆ ಬಂದ ದಿನ'. ಏನು ಹಾಕ್ಲಿ ಅಂತ ಕೇಳಿದೆ. 'ಏಪ್ರಿಲ್ 1 ಹಾಕಿಬಿಡಿ' ಅಂದರು. ಹಾಕಿದೆ. ಮೇಲಿನ ಸಾಲಲ್ಲಿ ಹಾಕಿ, ಮೌಸ್ ಹಿಡಿದು ಕೆಳಗಿನವರೆಗೆ ಎಳೆದೆ. ಎಕ್ಸೆಲ್ ಏಪ್ರಿಲ್ 2, ಏಪ್ರಿಲ್ 3 ಅಂತ ತುಂಬಿಸ್ತಾ ಹೋಯ್ತು. ಅದನ್ನು ಅಳಿಸಿ, ಎಲ್ಲರಿಗೂ ಒಂದೇ ತಾರೀಖು ಬರೋ ಹಾಗೆ ಸರಿಮಾಡಿ, ಸೇವ್ ಮಾಡಿ ಕಳಿಸಿದೆ.